ದೊಡ್ಡಪ್ಪನ ಕೆಂಪು ಚೆಂಡು

ಸಮಸ್ತ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ನಗರದ ಮೃಗಾಲಯದಿಂದ ಒಂದು ಕೋಲು ಕಾಣೆಯಾಗಿದೆ. ಉದ್ದ ಮೂರು ಅಡಿ. ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಕೆಂಪು ಪ್ಲಾಸ್ಟಿಕ್ ಚೆಂಡು. ಕೊನೆಯ ಸಲ ಕಂಡಾಗ ಸದರಿ ಕೋಲು ಸದರಿ ಗೋಡೆಯ ಸದರಿ ಮೊಳೆಗೆ ನೇತುಬಿದ್ದಿತ್ತು. ಅದಕ್ಕೆ ಯಾರ ಮೇಲೂ ದ್ವೇಷವಿರಲಿಲ್ಲ.

ಬುಧವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರು ಇಷ್ಟೇ. ದ್ವೇಷದ ಮಾತೊಂದನ್ನು ಬಿಟ್ಟರೆ ಉಳಿದದ್ದೆಲ್ಲ ದೂರಿನಲ್ಲಿ ಹಾಗೇ ಇತ್ತು. ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್. ಒಂದು ವಾಕ್ಯಕ್ಕೆ ಮೂರು 'ಸದರಿ' ಹಾಕದಿದ್ದರೆ ಅವನ ಪೆನ್ನಿನಲ್ಲಿ ಶಾಯಿ ಇಳಿಯುತ್ತಿರಲಿಲ್ಲ. ಹಾಗಾಗಿ ಠಾಣೆಯಲ್ಲಿ ಅವನ ಹೆಸರೇ ಸದರಿ.

ದೂರು ತಂದವರು ಮೃಗಾಲಯದ ನಿರ್ದೇಶಕರು, ಖುದ್ದಾಗಿ. ಅವರಿಗೂ ಒಂದು ಅಡ್ಡಹೆಸರಿತ್ತು, ಕತ್ತರಿ ಸಾಹೇಬರು ಅಂತ. ಅಧಿಕಾರಕ್ಕೆ ಬಂದ ಮೂರು ವರ್ಷದಲ್ಲಿ ಅವರು ಮಾಡಿದ್ದು ಎರಡೇ ಕೆಲಸ. ಒಂದು, ರಿಬ್ಬನ್ ಕತ್ತರಿಸಿದ್ದು. ಇನ್ನೊಂದು, ಪ್ರಾಣಿಗಳ ಮೇವಿನ ಪಟ್ಟಿ ಕತ್ತರಿಸಿದ್ದು. ಕೈ ತೊಳೆಯುವ ನಲ್ಲಿಯೊಂದನ್ನು ಉದ್ಘಾಟಿಸಿ ಅದರ ಮೇಲೆ ತಮ್ಮ ಹೆಸರಿನ ಕಲ್ಲು ನೆಡಿಸಿದ್ದರು. ನಲ್ಲಿ ಕೆಟ್ಟು ವರ್ಷವಾಯಿತು, ಕಲ್ಲು ಗಟ್ಟಿಮುಟ್ಟಾಗಿದೆ.

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಕಾರು ಕಳೆದುಕೊಂಡವರನ್ನು ನೋಡಿದ್ದರು, ಗಂಡನನ್ನು ಕಳೆದುಕೊಂಡವರನ್ನೂ ನೋಡಿದ್ದರು. ಕೋಲು ಕಳೆದುಕೊಂಡು ಹಣೆಯ ಬೆವರು ಒರೆಸಿಕೊಳ್ಳುವವರು ಇವರೇ ಮೊದಲು.

"ಕೋಲಿಗೆ ಎಫ್‌ಐಆರ್ ಬೇಕಾ ಸಾರ್?"

"ಬೇಕು. ಶುಕ್ರವಾರ ಹನ್ನೊಂದೂವರೆ ಒಳಗೆ ಕೋಲು ನನ್ ಕೈಲಿರ್ಬೇಕು."

"ಅಂಗಡೀಲಿ ಒಂದು ಬೆತ್ತ, ಒಂದು ಚೆಂಡು ತಗೊಂಡ್ರೆ ಹತ್ತು ನಿಮಿಷದ ಕೆಲ್ಸ."

"ಅದೇ ಕೋಲು ಬೇಕು, ಇನ್ಸ್‌ಪೆಕ್ಟರೇ. ತಗೊಂಡೋರೇ ಬೇಕು."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. ಕೋಲು ಬೇಕು ಅನ್ನುವುದು ಒಂದು ಮಾತು, ತಗೊಂಡವರು ಬೇಕು ಅನ್ನುವುದು ಇನ್ನೊಂದು.

ಸದರಿ ಪೆನ್ನು ನೆಕ್ಕಿ ಕೇಳಿದ. "ಕಳುವಾದ ಸ್ಥಳ ಏನಂತ ಬರೀಲಿ ಸಾರ್? ಉಡ ಪಳಗಿಸೋ ಕೋಲು ಅಂದ್ರಲ್ಲ, ಉಡದ ಗೂಡು ಅಂತ್ಲಾ?"

"ಗೂಡು ಅಲ್ಲ ಕಣ್ರೀ. ಡ್ರ್ಯಾಗನ್ ಮಹಲ್. ಶುಕ್ರವಾರ ಮಂತ್ರಿಗಳು ಬಂದು ಉದ್ಘಾಟನೆ ಮಾಡೋದು ಅದನ್ನೇ. ಡ್ರ್ಯಾಗನ್ ಮಹಲ್, ಸಂಪೂರ್ಣ ಕಟ್ಟಡ, ಮುಖ್ಯದ್ವಾರದಿಂದ ಹಿಂಬಾಗಿಲವರೆಗೆ ಅಂತ ಬರೀರಿ. ಸಣ್ಣದಾಗಿ ಬರೀಬೇಡಿ."

ಸದರಿ ದೊಡ್ಡದಾಗಿಯೇ ಬರೆದ. ಸಾಹೇಬರು ಸಹಿ ಹಾಕಿದರು. ಅಪರಾಧ ಸಂಖ್ಯೆ ಬಿತ್ತು.

ಮಧ್ಯಾಹ್ನ 12.05ಕ್ಕೆ ಇನ್ಸ್‌ಪೆಕ್ಟರ್ ಮತ್ತು ಸದರಿ ಮೃಗಾಲಯ ತಲುಪಿದರು. ಹಳೆಯ ಉಡದ ಮನೆ ಈಗ ಮಹಲ್ ಆಗಿತ್ತು. ನೆಲಕ್ಕೆ ಮುಖ ಕಾಣುವಂಥ ಟೈಲ್ಸು, ಮೂರು ಬಣ್ಣದ ದೀಪ, ನಾಲ್ಕು ಮೂಲೆಗೆ ಸ್ಪೀಕರು, ಬಾಗಿಲ ಪಕ್ಕ 'ದಿನಕ್ಕೆ ಆರು ಪ್ರದರ್ಶನ' ಎಂಬ ಬೋರ್ಡು. ಉಡ ಇರಬೇಕಾದ ಗಾಜಿನ ಕೋಣೆಯ ಮುಂದೆ ಕೆಂಪು ಪರದೆ ಇಳಿಬಿಟ್ಟಿತ್ತು.

"ಪರದೆ ಯಾಕೆ ಸಾರ್?"

"ಸರ್‌ಪ್ರೈಸ್."

"ಉಡ ಒಳಗಿದೆಯಾ?"

"ಮಲಗಿದೆ."

"ಎಬ್ಬಿಸಿ. ಸಾಕ್ಷಿ ಹೇಳಿಕೆ ತಗೋಬೇಕು."

ಸದರಿಗೆ ನಗು ತಡೆಯಲಾಗಲಿಲ್ಲ. ಸಾಹೇಬರು ನಗಲಿಲ್ಲ. ಇನ್ಸ್‌ಪೆಕ್ಟರ್ ತಾವೇ ಪರದೆ ಸರಿಸಿದರು. ಒಳಗೆ ಟೈಲ್ಸಿನ ಮೇಲೆ ಮೂರು ದೀಪದ ಮೂರು ಬೆಳಕು ಬಿದ್ದಿತ್ತು. ಬೆಳಕು ಬೀಳಿಸಿಕೊಳ್ಳಬೇಕಾದವರು ಇರಲಿಲ್ಲ.

ಅಂತೂ ಉಡ ಹೋಗಿ ಉಡಾಫೆ ಮಾತ್ರ ಉಳಿದಿತ್ತು.

"ಯಾವತ್ತಿಂದ ಇಲ್ಲ?"

"ಸೋಮವಾರ ಸಾಯಂಕಾಲ ನೋಡಿದಾಗ ಇರ್ಲಿಲ್ಲ."

"ಇವತ್ತು ಬುಧವಾರ. ನಾಲ್ಕು ಅಡಿ ಉಡ ಹೋಗಿದೆ ಅನ್ನೋದು ಬಿಟ್ಟು ಮೂರು ಅಡಿ ಕೋಲು ಹೋಗಿದೆ ಅಂದ್ರಲ್ಲ ಸಾರ್?"

"ಉಡ ಹೋಗಿದೆ ಅಂತ ಗೊತ್ತಾದ್ರೆ ಮಂತ್ರಿಗಳು ಬರಲ್ಲ. ಕೋಲು ತಗೊಂಡೋನ ಹತ್ರಾನೇ ಉಡ ಇರುತ್ತೆ. ನೀವು ಕೋಲು ಹುಡ್ಕಿದ್ರೆ ಉಡ ತಾನಾಗೇ ಸಿಗುತ್ತಲ್ಲ, ಪ್ರಚಾರ ಇಲ್ದೆ."

ಇನ್ಸ್‌ಪೆಕ್ಟರ್ ಬಗ್ಗಿ ಗಾಜು ನೋಡುತ್ತಿದ್ದರು. ಗಾಜಿನ ಒಳಮೈಯಲ್ಲಿ, ಮೊಣಕಾಲಿಗಿಂತ ಕೆಳಗೆ, ಈ ಮೂಲೆಯಿಂದ ಆ ಮೂಲೆಯವರೆಗೆ ಕಂದು ಬಣ್ಣದ ಗೆರೆಯೊಂದಿತ್ತು. ಬ್ರಷ್ಷಿನಲ್ಲಿ ಎಳೆದ ಹಾಗೆ, ಒಂದೇ ಎತ್ತರದಲ್ಲಿ. ಮೂಲೆಗಳಲ್ಲಿ ಗಟ್ಟಿಯಾಗಿತ್ತು.

"ಇದೇನು?"

"ಕೊಳೆ. ಶುಕ್ರವಾರದೊಳಗೆ ಒರೆಸ್ತಾರೆ."

"ಒರೆಸ್ಬೇಡಿ." ಇನ್ಸ್‌ಪೆಕ್ಟರ್ ನೆಟ್ಟಗಾದರು. "ಪ್ರಾಣಿ ಕಳುವು ಅಂತ ಪೂರಕ ಹೇಳಿಕೆ ಕೊಡಿ."

"ಪ್ರಾಣಿ ಅನ್ಬೇಡಿ ದಯವಿಟ್ಟು. ಪ್ರಾಣಿ ಅಂದ್ರೆ ದಯಾಸಂಘದೋರು ಬಾವುಟ ಹಿಡ್ಕೊಂಡು ಬರ್ತಾರೆ. ಸಂಸ್ಥೆಯ ಸ್ವತ್ತು ಅಂತ ಬರೀರಿ. ಕುರ್ಚಿ, ಮೇಜು ಇದ್ದ ಹಾಗೆ."

"ಬರಹದಲ್ಲಿ ಕೊಡ್ತೀರಾ?"

"ಕೊಡ್ತೀನಿ."

ಕೊಟ್ಟರು. ಸಹಿಯ ಕೆಳಗೆ ಎರಡು ಗೆರೆ ಕೂಡ ಎಳೆದರು.

ಸಾಹೇಬರ ಪ್ರಕಾರ ಕಳ್ಳ ಆಗಲೇ ಸಿಕ್ಕಿದ್ದ. ರಾತ್ರಿ ಕಾವಲುಗಾರ. ಎರಡು ದಿನದಿಂದ ಅವನನ್ನು ಮೇವಿನ ಗೋದಾಮಿನಲ್ಲಿ ಕೂರಿಸಿ ವಿವರಣೆ ಬರೆಸುತ್ತಿದ್ದರು. ಒಂದೊಂದು ಹಾಳೆ ಬರೆದಾಗಲೂ 'ಇದು ಒಪ್ಪಿಗೆಯಾಗಿಲ್ಲ' ಅಂತ ಹರಿದು ಹೊಸ ಹಾಳೆ ಕೊಡುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಬೆರಳಿಗೆ ಶಾಯಿ ಮೆತ್ತಿಕೊಂಡು, ಪರೀಕ್ಷೆಯಲ್ಲಿ ಪದೇಪದೇ ನಪಾಸಾದವನ ಹಾಗೆ ಕೂತಿದ್ದ. ಇನ್ಸ್‌ಪೆಕ್ಟರ್‌ಗೆ ಮೊದಲ ಸಿಟ್ಟು ಬಂದದ್ದು ಅಲ್ಲಿ. ಸಿಟ್ಟು ಬಂದಾಗ ಅವರ ದನಿ ಇನ್ನೂ ಮೆತ್ತಗಾಗುತ್ತಿತ್ತು. ಅದನ್ನು ಬಲ್ಲ ಸದರಿ ಒಂದು ಹೆಜ್ಜೆ ಹಿಂದೆ ಸರಿದ.

1.30ಕ್ಕೆ ಮೃಗಾಲಯದ ವೈದ್ಯೆ ಬಂದಳು. ಎಲ್ಲರೂ ಡಾಕ್ಟರಮ್ಮ ಅನ್ನುತ್ತಿದ್ದ ಮೂವತ್ತರ ಹೆಣ್ಣುಮಗಳು. ನಿರ್ದೇಶಕರನ್ನು ಕಂಡರೆ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಬಿಡುತ್ತಿದ್ದಳು, ಕೈ ಏನಾದರೂ ಮಾಡಿಬಿಟ್ಟೀತು ಎನ್ನುವ ಹಾಗೆ.

"ಉಡವನ್ನ ರಾತ್ರಿ ಕದಿಯೋಕೆ ಆಗುತ್ತಾ ಡಾಕ್ಟರೇ?"

"ರಾತ್ರಿ ಶಾಖದ ದೀಪ ಆರಿರುತ್ತೆ. ಮೈ ತಣ್ಣಗಾದ ಉಡ ಕೊರಡಿದ್ದ ಹಾಗೆ, ತಾನಾಗಿ ನಡೆಯಲ್ಲ. ಹೊತ್ಕೊಂಡು ಹೋಗ್ಬೇಕು. ಎಷ್ಟೇ ತಣ್ಣಗಿದ್ರೂ ಮುಟ್ಟಿದ್ರೆ ಬಾಲ ಬೀಸುತ್ತೆ, ಪರಚುತ್ತೆ, ಹೇಸಿಗೆ ಮಾಡುತ್ತೆ. ಈ ನೆಲ ನೋಡಿ. ಒಂದು ಗೀರಿಲ್ಲ."

"ಅಂದ್ರೆ?"

"ದೊಡ್ಡಪ್ಪ ತಾವೇ ನಡ್ಕೊಂಡು ಸಾಗಿಸೋ ಪೆಟ್ಟಿಗೆಗೆ ಹೋಗಿದಾರೆ. ಹಗಲಲ್ಲಿ. ಮೈ ಬಿಸಿಯಾದ್ಮೇಲೆ."

ಸದರಿ ಬರೆಯುವುದನ್ನು ನಿಲ್ಲಿಸಿದ. "ಯಾರ ದೊಡ್ಡಪ್ಪ?"

"ಉಡದ ಹೆಸರು ಅದು. ನಡೆಯೋದು ನೋಡ್ಬೇಕು ನೀವು. ಮದುವೆ ಮನೇಲಿ ಏನೇನು ಕೊರತೆ ಇದೆ ಅಂತ ಹುಡುಕ್ಕೊಂಡು ಓಡಾಡೋ ದೊಡ್ಡಪ್ಪನೇ."

ಡಾಕ್ಟರಮ್ಮ ಹೇಳಿದ್ದನ್ನು ಸದರಿ ಮೂರು ಪುಟ ಬರೆದುಕೊಂಡ. ಮೂರು ವರ್ಷದ ಹಿಂದಿನವರೆಗೂ ಉಡದ ತೂಕ ನೋಡಬೇಕಾದರೆ, ರಕ್ತ ತೆಗೆಯಬೇಕಾದರೆ ಐದು ಜನ ಹಗ್ಗದ ಕುಣಿಕೆ ಹಾಕಿ ಒತ್ತಿ ಹಿಡಿಯುತ್ತಿದ್ದರು. ಒಮ್ಮೆ ಒಬ್ಬನ ಮಣಿಕಟ್ಟು ಮುರಿದಿತ್ತು, ಒಮ್ಮೆ ಉಡದ ಉಗುರು ಕಿತ್ತುಬಂದಿತ್ತು. ಆಮೇಲೆ ಅದನ್ನು ನೋಡಿಕೊಳ್ಳುವ ಹೆಂಗಸು ಬೆತ್ತದ ತುದಿಗೆ ಕೆಂಪು ಚೆಂಡು ಸಿಕ್ಕಿಸಿದಳು. ಚೆಂಡಿಗೆ ಮೂತಿ ತಾಗಿಸಿದರೆ ಒಂದು ತುಂಡು ಮೊಟ್ಟೆ. ಅಷ್ಟೇ ಪಾಠ. ಎಂಟು ತಿಂಗಳಲ್ಲಿ ಉಡ ಚೆಂಡಿನ ಹಿಂದೆ ಬಂದು ತಕ್ಕಡಿ ಹತ್ತಿತು. ಮುಂದಿನ ವರ್ಷ ಪೆಟ್ಟಿಗೆಯೊಳಗೆ ತಾನಾಗಿ ಹೋಗಿ ಕೂತಿತು. ಈಗ ಬಾಲ ಚಾಚಿ ಮಲಗಿ, ಸೂಜಿ ಚುಚ್ಚಿಸಿಕೊಂಡು, ಮೊಟ್ಟೆ ತಿಂದು ಹೋಗುತ್ತಿತ್ತು. ಇದರ ಜೊತೆಗೆ ಎರಡು ಅಡಿ ಮಣ್ಣಿನಲ್ಲಿ ಮೊಟ್ಟೆ ಹೂತಿಡುವುದು, ತೂತು ಕೊರೆದ ಪೈಪಿನಲ್ಲಿ ಹುಳು ತುಂಬಿ ಕೊಡುವುದು, ವಾರಕ್ಕೊಮ್ಮೆ ಪೊಳ್ಳು ಮರದ ತುಂಡಿನ ಜಾಗ ಬದಲಿಸುವುದು.

"ಹಲ್ಲಿಗೆ ಇಷ್ಟೆಲ್ಲ ಸ್ಕೂಲಾ ಡಾಕ್ಟರಮ್ಮ?" ಸದರಿಗೆ ಗೋಡೆಯ ಹಲ್ಲಿ ಕಂಡರೇ ಬೆವರು.

"ಅದಕ್ಕೂ ತಲೆಗೆ ಕೆಲ್ಸ ಬೇಕು ಕಣಪ್ಪ. ಇಲ್ಲಾಂದ್ರೆ ಏನಾಗುತ್ತೆ ಅಂತ ಆ ಗಾಜಲ್ಲಿದೆ ನೋಡು. ಕೊಳೆಯಲ್ಲ ಅದು. ಮಣ್ಣು ತೆಗ್ಸಿ ಟೈಲ್ಸ್ ಹಾಕ್ಸಿದ್ರು. ಅಗೆಯೋಕಿಲ್ಲ, ಅಡಗೋಕಿಲ್ಲ. ಬೆಳಗಿಂದ ಸಂಜೆತನಕ ಮೂತಿ ಉಜ್ಕೊಂಡು ಅತ್ಲಿಂದಿತ್ಲಾಗೆ. ಮೂತಿ ಕಿತ್ತು ರಕ್ತ. ಮೂರು ಪತ್ರ ಬರ್ದೆ. ಮೂರಕ್ಕೂ ಒಂದೇ ಉತ್ತರ, 'ಗಮನಿಸಲಾಗಿದೆ'."

ಇನ್ಸ್‌ಪೆಕ್ಟರ್ ಮತ್ತೊಮ್ಮೆ ಆ ಗೆರೆ ನೋಡಿದರು. ಆಮೇಲೆ ಗೋದಾಮಿಗೆ ಹೋಗಿ ಕಾವಲುಗಾರನ ಮುಂದಿದ್ದ ಹಾಳೆಗಳನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

"ಕಳ್ಳತನ ಆಗಿದ್ದು ಹಗಲಲ್ಲಿ. ನಿಮ್ಮ ಪಾಳಿ ರಾತ್ರಿ. ಮನೆಗೆ ಹೋಗಿ ಮಲ್ಕೊಳ್ಳಿ ಯಜಮಾನ್ರೇ."

"ವಿವರಣೆ ಮುಗ್ದಿಲ್ಲ ಸಾರ್."

"ಮುಗೀತು."

ಉಡವನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಉಡದಕ್ಕ ಅನ್ನುತ್ತಿದ್ದರು. ಪ್ರದರ್ಶನ ಬೇಡ ಅಂದದ್ದಕ್ಕೆ ಅವಳನ್ನು ಇಪ್ಪತ್ತೆರಡು ದಿನದ ಹಿಂದೆ ವಾಹನ ನಿಲ್ದಾಣದ ಟೋಕನ್ ಹರಿಯುವ ಕೆಲಸಕ್ಕೆ ಹಾಕಿದ್ದರು. "ಅವಳಿಗೆ ಒಳಗೆ ಪ್ರವೇಶವೇ ಇಲ್ಲ, ಅವಳನ್ನ ಲೆಕ್ಕದಿಂದ ಬಿಡಿ" ಅಂದರು ಸಾಹೇಬರು. ಅವಳ ಜಾಗಕ್ಕೆ ಸಮಾರಂಭ ನಡೆಸಿಕೊಡುವ ಕಂಪನಿಯ ಒಬ್ಬ ಆಸಾಮಿ ಬಂದಿದ್ದ. ಹಿಂದಿನ ವಾರ ಅವನು ಒಂದು ಅಡುಗೆ ಎಣ್ಣೆಯ ಉದ್ಘಾಟನೆ ಮಾಡಿಸಿದ್ದನಂತೆ.

ಗುರುವಾರ ಬೆಳಿಗ್ಗೆ 9.30. ಇನ್ಸ್‌ಪೆಕ್ಟರ್ ದಾಖಲೆ ಕೇಳಿದರು. ಸಾಹೇಬರು ನಲವತ್ತು ಪುಟದ ಮಿರಿಮಿರಿ ಪುಸ್ತಕ ಕೊಟ್ಟರು. ಅದರಲ್ಲಿ ಹನ್ನೊಂದು ಫೋಟೋ. ಹತ್ತರಲ್ಲಿ ಸಾಹೇಬರು, ಹನ್ನೊಂದನೆಯದರಲ್ಲಿ ಸಾಹೇಬರು ಮತ್ತು ಉಡದ ಬಾಲ.

ಸದರಿಗೆ ಸರ್ಕಾರಿ ಕಚೇರಿಗಳ ಒಳಗುಟ್ಟು ಗೊತ್ತಿತ್ತು. ತೋರಿಸುವ ಪುಸ್ತಕ ಮೇಜಿನ ಮೇಲಿರುತ್ತದೆ, ಬರೆಯುವ ಪುಸ್ತಕ ಮೊಳೆಗೆ ನೇತಾಡುತ್ತಿರುತ್ತದೆ. ಮೇವಿನ ಅಡುಗೆಮನೆಯಲ್ಲಿ, ತಕ್ಕಡಿಯ ಪಕ್ಕ, ಹುರಿಯಲ್ಲಿ ಕಟ್ಟಿ ನೇತುಹಾಕಿದ ಗೆರೆಯ ನೋಟ್‌ಬುಕ್ ಒಂದು ಸಿಕ್ಕಿತು. ಪುಟದ ಮೇಲೆ ಸ್ಕೇಲಿಟ್ಟು ಎಳೆದ ಏಳು ಅಂಕಣ. ದಿನ, ಹೊತ್ತು, ತೂಕ, ಪಾಠ, ಬಹುಮಾನ, ಬಲಪ್ರಯೋಗ, ಸಹಿ. ಮೂರು ವರ್ಷದ ಪುಟಗಳು. ಬಲಪ್ರಯೋಗದ ಅಂಕಣದಲ್ಲಿ ಮೊದಲ ವಾರ ಬಿಟ್ಟರೆ ಎಲ್ಲ ಕಡೆ ಒಂದೇ ಮಾತು, ಇಲ್ಲ. ಇಲ್ಲ. ಇಲ್ಲ.

ಇಪ್ಪತ್ತೆರಡು ದಿನದ ಹಿಂದೆ ಬರವಣಿಗೆ ನಿಂತಿತ್ತು. ಒಂದು ಸಾಲು ಖಾಲಿ. ಅದರ ಕೆಳಗೆ ಅದೇ ದುಂಡು ಅಕ್ಷರ.

'ಸೋಮವಾರ. 11.40. 5 ಕೆಜಿ 100, ಏಳುನೂರು ಗ್ರಾಂ ಇಳಿದಿದ್ದಾರೆ. ಪೆಟ್ಟಿಗೆಗೆ ಹೋದರು, 35 ಸೆಕೆಂಡು, ಇದುವರೆಗಿನ ಅತಿ ಬೇಗ. ಮೊಟ್ಟೆ ಎರಡು. ಬಲಪ್ರಯೋಗ ಇಲ್ಲ.' ಪಕ್ಕದಲ್ಲಿ ಸಹಿ.

ಸದರಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. "ಸಾರ್, ನನ್ ಸರ್ವಿಸಲ್ಲಿ ಕಳ್ಳತನ ಮಾಡಿ, ತೂಕ ಬರ್ದು, ಸಹಿ ಹಾಕಿ ಹೋದೋರನ್ನ ನೋಡಿಲ್ಲ."

ಮೃಗಾಲಯಕ್ಕೆ ಸೋಮವಾರ ರಜೆ, ನೋಡುವವರಿಲ್ಲ; ಉಡದಕ್ಕನಿಂದ ಬೀಗದ ಕೈ ವಾಪಸ್ ಕೇಳಿದವರೂ ಇರಲಿಲ್ಲ. ಆ ಪುಸ್ತಕ ನೇತಾಡುತ್ತಿದ್ದ ಮೊಳೆ ಸಾಹೇಬರ ಕೋಣೆಯಿಂದ ಹದಿನಾಲ್ಕು ಹೆಜ್ಜೆ. ಮೂರು ವರ್ಷದಲ್ಲಿ ಅವರು ಅದನ್ನು ಒಂದು ಸಲ ತೆರೆದಿದ್ದರೆ ತಮ್ಮಲ್ಲಿ ಎಂಥ ಕೆಲಸ ನಡೆಯುತ್ತಿದೆ ಎಂದು ತಿಳಿಯುತ್ತಿತ್ತು. ಮೂರು ದಿನದಲ್ಲಿ ಒಂದು ಸಲ ತೆರೆದಿದ್ದರೆ ಕಳ್ಳರಾರೆಂದು ತಿಳಿಯುತ್ತಿತ್ತು. ಆದರೆ ಸಾಹೇಬರು ಓದುತ್ತಿದ್ದುದು ಕಲ್ಲಿನ ಮೇಲೆ ಕೆತ್ತಿದ್ದನ್ನು ಮಾತ್ರ.

10.45ಕ್ಕೆ ವಾಹನ ನಿಲ್ದಾಣದಲ್ಲಿ ಉಡದಕ್ಕ ಸಿಕ್ಕಳು. ಐವತ್ತೈದರ ಆಸುಪಾಸು, ಗಿಡ್ಡ ಆಳು, ಬಲ ಮುಂಗೈ ಮೇಲೆ ಹಳೆಯ ಗೀರುಗಳು. ಪೊಲೀಸರನ್ನು ಕಂಡು ಕೈಯಲ್ಲಿದ್ದ ಟೋಕನ್ ಪುಸ್ತಕವನ್ನು ನೀಟಾಗಿ ಮುಚ್ಚಿದಳು. ಸದರಿ ಅವಳಿಗಾಗಿ ಹನ್ನೊಂದು ಪ್ರಶ್ನೆ ತಯಾರು ಮಾಡಿಕೊಂಡು ಬಂದಿದ್ದ.

"ಸೋಮವಾರ ಮಹಲಿಗೆ ಬಂದಿದ್ರಾ?"

"ಬಂದಿದ್ದೆ."

"ಯಾಕೆ?"

"ದೊಡ್ಡಪ್ಪನ್ನ ಕರ್ಕೊಂಡು ಹೋಗೋಕೆ."

ಉಳಿದ ಒಂಬತ್ತು ಪ್ರಶ್ನೆಯನ್ನು ಸದರಿ ಬೇಸರದಿಂದ ಮಡಚಿಟ್ಟ.

"ಪುಸ್ತಕದಲ್ಲಿ ಯಾಕೆ ಬರೆದ್ರಿ? ಬರೀದೆ ಹೋಗಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ," ಅಂದರು ಇನ್ಸ್‌ಪೆಕ್ಟರ್.

ಅವಳು ಅವರನ್ನು ವಿಚಿತ್ರವಾಗಿ ನೋಡಿದಳು. "ಬರೀದೆ ಹೇಗೆ ಬಿಡೋದು ಸಾರ್? ಮೂವತ್ತೈದು ಸೆಕೆಂಡು. ಹಿಂದೆ ಐವತ್ತಕ್ಕಿಂತ ಕಮ್ಮಿ ಬಂದೇ ಇರ್ಲಿಲ್ಲ."

"ಈಗೆಲ್ಲಿದೆ?"

"ಅದು ಹೇಳಲ್ಲ."

"ಯಾಕೆ?"

"ಹೇಳಿದ್ರೆ ನಾಳೆ ಹನ್ನೊಂದೂವರೆಗೆ ವಾಪಸ್ ಅವರ ಕೈಗೆ ಕೊಡ್ತೀರಾ. ಕೊಡಲ್ಲ ಅನ್ನಿ, ಹೇಳ್ತೀನಿ."

ಕೊಡುವುದಿಲ್ಲ ಎಂದು ಹೇಳುವ ಅಧಿಕಾರ ಇನ್ಸ್‌ಪೆಕ್ಟರ್‌ಗಿರಲಿಲ್ಲ. ಸುಳ್ಳು ಹೇಳುವ ಮನಸ್ಸೂ ಇರಲಿಲ್ಲ. ಅವಳು ಟೋಕನ್ ಪುಸ್ತಕ ತೆರೆದು ಮತ್ತೆ ಕೆಲಸಕ್ಕೆ ಕೂತಳು. ಉಡದ ಪಟ್ಟು ಎಂದರೆ ಏನೆಂದು ಅವಳು ಬೇರೆಯವರಿಂದ ಕಲಿಯಬೇಕಾಗಿರಲಿಲ್ಲ.

ಸದರಿ ಅವಳ ಉಗುರು ತೋರಿಸಿದ. ಟೋಕನ್ ಹರಿಯುವವಳ ಉಗುರಿನಲ್ಲಿ ಕಪ್ಪು ಮಣ್ಣು, ಅದೂ ಗೊಬ್ಬರ ಬೆರೆತ ಸಡಿಲ ಮಣ್ಣು. ಸೇವಾ ಪುಸ್ತಕದಲ್ಲಿ ಗಂಡ ತೀರಿಕೊಂಡ ಮೇಲೆ 'ಹತ್ತಿರದ ಸಂಬಂಧಿ' ಎಂಬಲ್ಲಿ ಮೈದುನನ ಹೆಸರಿತ್ತು. ವೃತ್ತಿ, ಸಸಿ ಮಾರಾಟ. ಶಾಖ ಬೇಕು, ಆಳದ ಮಣ್ಣು ಬೇಕು, ಯಾರ ಕಣ್ಣಿಗೂ ಬೀಳಬಾರದು. ಸಸಿ ಮಾರುವವನ ಹತ್ತಿರ ಗಾಜಿನ ಮನೆ ಇದ್ದೇ ಇರುತ್ತದೆ.

ಮಧ್ಯಾಹ್ನ 3.15. ಜೀಪು ಸಸಿತೋಟದ ರಸ್ತೆಗೆ ತಿರುಗಿದ ಕೂಡಲೇ ಹಿಂದಿನ ಸೀಟಿನಲ್ಲಿದ್ದ ಉಡದಕ್ಕ ಕಣ್ಣು ಮುಚ್ಚಿಕೊಂಡಳು.

ಗೇಟಿನಲ್ಲೇ ಅವಳ ಓರಗಿತ್ತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಅಂತೂ ಬಂದ್ರಾ. ನಾನು ಮೊದ್ಲೇ ಅಂದೆ, ಅಕ್ಕ, ಪೊಲೀಸರು ಬರ್ತಾರೆ ಅಂತ. ಮೂರು ದಿನದಿಂದ ನನ್ನ ಗಂಡನಿಗೆ ಒಂದು ಮೊಟ್ಟೆ, ಈ ದೊಡ್ಡಪ್ಪನಿಗೆ ಎರಡು. ಕೇಳಿದ್ರೆ 'ಅವರು ಇಳಿದು ಹೋಗಿದಾರೆ' ಅಂತಾಳೆ. ನನ್ನ ಗಂಡ ಊದಿದಾನಾ?"

ಗಾಜಿನ ಮನೆಯ ಹಿಂದಿನ ಅರ್ಧವನ್ನು ಬಲೆ ಹಾಕಿ ಬೇರೆ ಮಾಡಿದ್ದರು. ಒಳಗೆ ಮಣ್ಣಿನ ರಾಶಿ, ಒಂದು ಪೊಳ್ಳು ಮರ, ತೂತಿನ ಪೈಪು, ಶಾಖದ ದೀಪ, ಅಗಲ ಬಾಣಲಿಯಲ್ಲಿ ನೀರು. ಮೊದಲು ಉಡ ಕಾಣಲಿಲ್ಲ, ಮಣ್ಣು ಹಾರುವುದು ಕಂಡಿತು. ಆಮೇಲೆ ಗುಂಡಿಯಿಂದ ತಲೆಯೊಂದು ಎದ್ದು, ಸೀಳು ನಾಲಿಗೆ ಚಾಚಿ, ಬಂದವರಲ್ಲಿ ಏನೇನು ಕೊರತೆ ಇದೆ ಎಂದು ನೋಡಿತು. ಮೂತಿಯ ತುದಿ ಚರ್ಮ ಕಿತ್ತು ಹಸಿಯಾಗಿತ್ತು. ಅದರ ಮೇಲೆ ಬಿಳಿ ಮುಲಾಮು.

ಸದರಿ ಬಾಗಿಲಲ್ಲೇ ನಿಂತ. ಮುಲಾಮಿನ ಟ್ಯೂಬು ಎತ್ತಿ ಮೆಲ್ಲಗೆ ಹೇಳಿದ, "ಸಾರ್, ಇದರ ಮೇಲೆ ಮೃಗಾಲಯದ ಔಷಧಾಲಯದ ಮುದ್ರೆ. ಡಾಕ್ಟರಮ್ಮ..."

"ಮುಲಾಮು ಒಂದು ಅಂತ ಬರಿ. ಎಲ್ಲಿಂದ ಬಂದೆ ಅಂತ ಮುಲಾಮು ಹೇಳ್ತಾ?"

"ಇಲ್ಲ ಸಾರ್."

"ಮತ್ತೆ ನೀನ್ಯಾಕೆ ಹೇಳ್ತೀಯಾ?"

ಸಸಿ ಕೊಳ್ಳಲು ಬಂದಿದ್ದ ಇಬ್ಬರನ್ನು ಪಂಚರಾಗಿ ನಿಲ್ಲಿಸಿಕೊಂಡರು. ಪಂಚನಾಮೆ ಶುರುವಾಗುವ ಮುಂಚೆ ಇನ್ಸ್‌ಪೆಕ್ಟರ್ ಎಫ್‌ಐಆರ್ ತೆಗೆದು ಓದಿದರು. ಪೂರಕ ಹೇಳಿಕೆ ಓದಿದರು. ಸಂಸ್ಥೆಯ ಸ್ವತ್ತು. ಕುರ್ಚಿ, ಮೇಜು ಇದ್ದ ಹಾಗೆ. ಸಹಿ, ಕೆಳಗೆ ಎರಡು ಗೆರೆ. ಅವರ ಮೀಸೆಯ ಒಂದು ಕಡೆ ಸ್ವಲ್ಪ ಮೇಲೆದ್ದಿತು.

"ಬರ್ಕೋ. ಒಂದಕ್ಷರ ಬಿಡಬೇಡ. ಮಣ್ಣಿನ ಆಳ ಅಳತೆ ಮಾಡು."

"ಮಣ್ಣಿನದಾ ಸಾರ್?"

ಇನ್ಸ್‌ಪೆಕ್ಟರ್ ತಾವೇ ಅಳತೆಪಟ್ಟಿ ಇಳಿಸಿ ನೋಡಿದರು. "ಎರಡು ಅಡಿ ಮೂರು ಅಂಗುಲ. ಬರಿ. ಪೊಳ್ಳು ಮರ ಒಂದು, ತೂತುಳ್ಳ ಪೈಪು ಒಂದು, ದೀಪ ಒಂದು. ಸದರಿ ಸ್ವತ್ತು ವಶಪಡಿಸಿಕೊಳ್ಳುವ ಸಮಯದಲ್ಲಿ ಮಣ್ಣು ಅಗೆಯುತ್ತಿತ್ತು. ಸದರಿ ಸ್ವತ್ತಿಗೆ ದಿನವೂ ಬೆಳಿಗ್ಗೆ 11.40ಕ್ಕೆ ಪಾಠ, ಮೊಟ್ಟೆ. ಸದರಿ ಸ್ವತ್ತಿನ ಮೂತಿಯಲ್ಲಿ ಗಾಯ, ಕಾರಣ ಡ್ರ್ಯಾಗನ್ ಮಹಲಿನ ಗಾಜು."

ತನ್ನದೇ ಭಾಷೆಯಲ್ಲಿ ಇನ್ಸ್‌ಪೆಕ್ಟರ್ ಮಾತಾಡುವುದನ್ನು ಕೇಳಿ ಸದರಿಗೆ ಕಣ್ಣು ತುಂಬಿಬಂತು.

ಕೋಲು ಬಲೆಗೆ ಒರಗಿತ್ತು. ಸ್ವತ್ತು ಇದೇ ಎಂದು ಗುರುತಿಸಬೇಕಲ್ಲ, ಇನ್ಸ್‌ಪೆಕ್ಟರ್ ಅದನ್ನು ಉಡದಕ್ಕನ ಕೈಗೆ ಕೊಟ್ಟರು. ಅವಳು ಚೆಂಡು ಮುಂದಕ್ಕೆ ಹಿಡಿದಳು. ಕರೆಯಲಿಲ್ಲ, ಶಿಳ್ಳೆ ಹಾಕಲಿಲ್ಲ. ಉಡ ಗುಂಡಿಯಿಂದ ಎದ್ದು, ಭುಜ ತಿರುಗಿಸುತ್ತ, ಅವಸರವಿಲ್ಲದೆ ಬಂತು. ನಾಲಿಗೆ ಚಾಚಿ ನೋಡಿ, ಗಾಯದ ಮೂತಿಯನ್ನು ಮೆತ್ತಗೆ ಚೆಂಡಿಗೆ ತಾಗಿಸಿತು. ಮೊಟ್ಟೆಯ ತುಂಡು ಸಿಕ್ಕಿತು. ಇಬ್ಬರು ಪಂಚರಲ್ಲಿ ಒಬ್ಬ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ಕೋಲು ಯಾಕೆ ತಂದ್ರಿ? ಉಡ ಪೆಟ್ಟಿಗೆಗೆ ಹೋದ್ಮೇಲೆ ಕೋಲು ಬಿಟ್ಟು ಬರಬಹುದಿತ್ತು."

ಉಡದಕ್ಕ ಚೆಂಡನ್ನು ಸೆರಗಿನಿಂದ ಒರೆಸಿದಳು. "ಟೋಕನ್ ಹರಿಯೋ ಜಾಗಕ್ಕೆ ಮಹಲಿನ ಕಿಟಕಿ ಕಾಣುತ್ತೆ ಸಾರ್. ಆ ಕಂಪನಿಯವನು ಹನ್ನೊಂದು ದಿನ ಇದೇ ಕೋಲು ಹಿಡ್ಕೊಂಡು ಓಡಿಸಿದ. ಚೆಂಡು ತೋರ್ಸೋದು, ಇವರು ಬಂದು ಮುಟ್ಟೋದು, ಅವನು ಏನೂ ಕೊಡ್ದೆ ಇನ್ನೊಂದು ಮೂಲೆಗೆ ಹೋಗೋದು. ಹಸಿದಿದ್ರೆ ಚುರುಕಾಗಿ ಓಡುತ್ತೆ ಅಂತ ಸಾಹೇಬರ ಅಪ್ಪಣೆ. ನಲವತ್ತು ಸಲ ಎಣಿಸ್ದೆ ಒಂದು ದಿನ. ನಲವತ್ತು ಸಲವೂ ಬಂದ್ರು. ಯಾಕೆ ಬಂದ್ರು ಗೊತ್ತಾ? ನನ್ನ ನಂಬಿ."

ಅವಳು ಕೋಲನ್ನು ಮತ್ತೆ ಬಲೆಗೆ ಒರಗಿಸಿದಳು.

"ಕೋಲು ಸಂಸ್ಥೇದು ಸಾರ್, ಒಪ್ತೀನಿ. ಉಡಾನೂ ಸಂಸ್ಥೇದೇ ಇರ್ಬಹುದು. ಮುಟ್ಟಿದ್ರೆ ಕೊಡ್ತೀನಿ ಅಂದಿದ್ದು ಮಾತ್ರ ನಾನು. ನನ್ನ ಮಾತನ್ನ ಇಟ್ಕೊಂಡು ಅವರು ಮೋಸ ಮಾಡ್ತಾ ಇದ್ರು. ಅದನ್ನ ಅಲ್ಲಿ ಬಿಟ್ಟು ಬರೋಕಾಗ್ಲಿಲ್ಲ."

4.40ಕ್ಕೆ ದಸ್ತಗಿರಿ. ಬೇಡಿಗೆ ಕೈ ಚಾಚಲೇ ಎಂದು ಅವಳು ಕೇಳಿದಳು. ಬೇಡ ಅಂದರು ಇನ್ಸ್‌ಪೆಕ್ಟರ್. ಜೀಪಿನ ಬಾಗಿಲು ತೆಗೆದು ಒಂದು ಬದಿಗೆ ನಿಂತರು. ಅವಳು ತಾನಾಗಿ ನಡೆದು ಹತ್ತಿ ಕೂತಳು. ಸದರಿ ದಸ್ತಗಿರಿ ಪತ್ರದಲ್ಲಿ ಎಲ್ಲಾ ತುಂಬಿಸಿ, ಸ್ವಲ್ಪ ಯೋಚಿಸಿ, ಕೊನೆಗೆ ಯಾರೂ ಕೇಳದ ಒಂದು ಸಾಲು ಸೇರಿಸಿದ. 'ಬಲಪ್ರಯೋಗ, ಇಲ್ಲ.'

ಶುಕ್ರವಾರ 10.30ಕ್ಕೆ ನ್ಯಾಯಾಲಯ. ಪಂಚನಾಮೆ ಓದಿದ ನ್ಯಾಯಾಧೀಶರು ಕನ್ನಡಕ ತೆಗೆದು 'ಮಣ್ಣಿನ ಆಳವನ್ನೂ ಅಳೆದಿದ್ದೀರಾ' ಎಂದು ಕೇಳಿದರು. ಅಳೆದಿದ್ದೇವೆ ಅಂದರು ಇನ್ಸ್‌ಪೆಕ್ಟರ್. ಆರೋಪಿಗೆ ಜಾಮೀನು ಸಿಕ್ಕಿತು. ಕೇಸು ಮುಗಿಯುವವರೆಗೆ ಅವಳು ಸ್ವತ್ತನ್ನು ಮುಟ್ಟಬಾರದು. ಸ್ವತ್ತು ಸಿಕ್ಕ ಜಾಗದಲ್ಲಿ, ಸಿಕ್ಕ ಸ್ಥಿತಿಯಲ್ಲಿ, ಪಂಚನಾಮೆಯಲ್ಲಿ ಬರೆದ ಮಣ್ಣು, ಪಾಠ, ಮೊಟ್ಟೆ ಸೇರಿದಂತೆ ಎಲ್ಲ ವ್ಯವಸ್ಥೆಯೊಂದಿಗೆ, ವೈದ್ಯೆಯ ಜವಾಬ್ದಾರಿಯಲ್ಲಿ, ಪೊಲೀಸ್ ಉಸ್ತುವಾರಿಯಲ್ಲಿ ಯಥಾಸ್ಥಿತಿ ಇರಬೇಕು. ಮುಂದಿನ ವಿಚಾರಣೆ ಎರಡು ತಿಂಗಳ ಮೇಲೆ. ಮುಟ್ಟಬಾರದು ಅಂದಾಗ ಉಡದಕ್ಕನ ಮುಖ ಸಪ್ಪಗಾಯಿತು. ಕಟಕಟೆಯಿಂದ ಇಳಿದವಳು ಸೀದಾ ಸದರಿಯ ಹತ್ತಿರ ಹೋಗಿ, ಅವನ ಮಣಿಕಟ್ಟು ಹಿಡಿದು, ಕೋಲನ್ನು ಯಾವ ಎತ್ತರದಲ್ಲಿ ಹಿಡಿಯಬೇಕೆಂದು ತೋರಿಸತೊಡಗಿದಳು. ಸದರಿ ಬೆವರತೊಡಗಿದ.

11.25ಕ್ಕೆ ಇನ್ಸ್‌ಪೆಕ್ಟರ್ ಮೃಗಾಲಯಕ್ಕೆ ಬಂದರು. ಮಂತ್ರಿಗಳ ಕಾರು ನಿಂತಿತ್ತು. ಕುರ್ಚಿ, ಹೂವು, ಕ್ಯಾಮೆರಾ. ಕತ್ತರಿ ಸಾಹೇಬರು ತಟ್ಟೆಯ ಮೇಲೆ ಕತ್ತರಿ ಇಟ್ಟುಕೊಂಡು ಓಡಿಬಂದರು.

"ನನ್ನ ಸ್ವತ್ತೆಲ್ಲಿ?"

"ಈಗ ಕೋರ್ಟಿನ ಸ್ವತ್ತು ಸಾರ್. ಮುದ್ದೆಮಾಲು. ನೀವೇ ಬರೆದು ಕೊಟ್ರಲ್ಲ, ಕುರ್ಚಿ ಮೇಜಿನ ಹಾಗೆ ಅಂತ. ಪ್ರಾಣಿ ಅಂತ ಬರೆದಿದ್ರೆ ಆರೈಕೆಗೆ ಅಂತ ನಿಮ್ಮ ಮೃಗಾಲಯಕ್ಕೇ ಬರ್ತಿತ್ತೋ ಏನೋ. ಕುರ್ಚಿ ಎಲ್ಲಿ ಸಿಕ್ತೋ ಅಲ್ಲೇ ಇರುತ್ತೆ."

ಸಾಹೇಬರು ತಟ್ಟೆಯಿಂದ ಕತ್ತರಿ ಎತ್ತಿಕೊಂಡರು. ಆಮೇಲೆ ಅವರಿಗೆ ಧೈರ್ಯ ಬಂತು. "ಹಾಳಾಗಿ ಹೋಗ್ಲಿ ಉಡ. ಮಹಲ್ ಇದೆಯಲ್ಲ. ಮಂತ್ರಿಗಳು ಕಟ್ಟಡ ಉದ್ಘಾಟನೆ ಮಾಡ್ತಾರೆ. ದೀಪ ಇದೆ, ಸ್ಪೀಕರ್ ಇದೆ, ಕಲ್ಲು ಇದೆ."

ಕಲ್ಲು ಇತ್ತು, ನಲ್ಲಿಯ ಕಲ್ಲಿಗಿಂತ ದೊಡ್ಡದು. ಸಾಹೇಬರು ಮಂತ್ರಿಗಳನ್ನು ಕರೆದುಕೊಂಡು ಮುಖ್ಯದ್ವಾರಕ್ಕೆ ಬಂದರು. ದ್ವಾರಕ್ಕೆ ಅಡ್ಡಲಾಗಿ ರಿಬ್ಬನ್ ಇರಲಿಲ್ಲ. ಹಳದಿ ಟೇಪು ಇತ್ತು, ಬಾಗಿಲಿಗೆ ಅರಗಿನ ಮುದ್ರೆ ಇತ್ತು. ಹಿಂಬಾಗಿಲಿಗೂ ಇತ್ತು.

"ಇದೇನಿದು?"

"ಅಪರಾಧ ನಡೆದ ಸ್ಥಳ ಸಾರ್. ಎಫ್‌ಐಆರ್‌ನಲ್ಲಿ ಸ್ಥಳ ನೀವೇ ಹೇಳಿದ್ದು. ಸಂಪೂರ್ಣ ಕಟ್ಟಡ, ಮುಖ್ಯದ್ವಾರದಿಂದ ಹಿಂಬಾಗಿಲವರೆಗೆ. ಸಣ್ಣದಾಗಿ ಬರೀಬೇಡಿ ಅಂದ್ರಿ. ಒಳಗೆ ಗಾಜಿನ ಮೇಲೆ ರಕ್ತದ ಗೆರೆ ಇದೆ, ಪರೀಕ್ಷೆಗೆ ಹೋಗ್ಬೇಕು. ಯಾಕೆ ಬಂತು ಅನ್ನೋದು ಬೇರೆ ಫೈಲು."

ಮಂತ್ರಿಗಳು ರಕ್ತ ಎಂಬ ಮಾತು ಕೇಳಿ, ಕ್ಯಾಮೆರಾ ನೋಡಿ, ಮೂರು ಹೆಜ್ಜೆ ಹಿಂದೆ ಸರಿದು, ನಾಲ್ಕನೆಯ ಹೆಜ್ಜೆಗೆ ಕಾರಿನಲ್ಲಿದ್ದರು.

ಸಾಹೇಬರು ಕತ್ತರಿ ಹಿಡಿದು ಟೇಪಿನ ಮುಂದೆ ನಿಂತಿದ್ದರು. ಮೂರು ವರ್ಷದಲ್ಲಿ ಅವರ ಕತ್ತರಿಗೆ ಸಿಗದ ಪಟ್ಟಿ ಇದೊಂದೇ. "ಒಂದು ಟೇಪು, ಇನ್ಸ್‌ಪೆಕ್ಟರೇ," ಅಂದರು. "ಬರೀ ಒಂದು ಟೇಪು."

"ಹೌದು ಸಾರ್. ಕಟ್ಟಿದ್ದು ನಾವು, ತೆಗೆಯೋದು ಕೋರ್ಟು. ಎರಡು ತಿಂಗಳಿದೆ."

ಇನ್ಸ್‌ಪೆಕ್ಟರ್ ಅವರ ಫೋನು ಸಣ್ಣಗೆ ಗುನುಗಿತು. ಸಸಿತೋಟದಿಂದ ಸದರಿಯ ಸಂದೇಶ.

'11.40. ಆರೋಪಿ ಬಲೆಯ ಆಚೆಯಿಂದ ಮಾತ್ರ ಹೇಳಿಕೊಟ್ಟರು. ಸದರಿ ದೊಡ್ಡಪ್ಪ ಸದರಿ ಚೆಂಡು ಮುಟ್ಟಿದರು. ಸದರಿ ಮೊಟ್ಟೆ ಕೂಡಲೇ ಕೊಡಲಾಯಿತು. ಬಲಪ್ರಯೋಗ ಇಲ್ಲ. ನನ್ನ ಕೈ ಮಾತ್ರ ಸ್ವಲ್ಪ ನಡುಗಿತು. ಅದಕ್ಕೆ ಅಂಕಣ ಇಲ್ಲ ಸಾರ್, ಎಲ್ಲಿ ಬರೆಯಲಿ?'